ಅಮೆರಿಕದ ಸ್ಪೀಕರ್ ಮೈಕ್ ಜಾನ್ಸನ್, ಮಾಜಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಂಶದವರೇ? ಅಲ್ಲಿನ ರಾಜಕೀಯದಲ್ಲಿ ಇಷ್ಟೊಂದು ಜಾನ್ಸನ್‌ಗಳು ಯಾಕೆ?

ಅಲ್ಲ, ಸಂಬಂಧವೇ ಇಲ್ಲ. ಲಿಂಡನ್ ಜಾನ್ಸನ್ ಅವರಿಗೆ ಗಂಡು ಮಕ್ಕಳಿರಲಿಲ್ಲ. ಲಿಂಡಾ, ಲೂಸಿ ಅಂತ ಇಬ್ಬರು ಹೆಣ್ಣುಮಕ್ಕಳು. ಮದುವೆಯಾದ ಮೇಲೆ ಇಬ್ಬರ ಹೆಸರೂ ಬದಲಾಯಿತು, ಮೊಮ್ಮಕ್ಕಳಿಗೆ ಅಪ್ಪಂದಿರ ಮನೆಹೆಸರು ಬಂತು. ಆ ಮನೆಯಿಂದ ರಾಜಕೀಯದಲ್ಲಿ ಮೇಲೆ ಬಂದವರು ಯಾರು ಗೊತ್ತಾ? ಅಳಿಯ ಚಕ್ ರಾಬ್. ವರ್ಜೀನಿಯಾದ ಗವರ್ನರ್ ಆಗಿ, ಆಮೇಲೆ ಎರಡು ಅವಧಿ ಸೆನೆಟರ್ ಆಗಿದ್ದರು. ಮೈಕ್ ಜಾನ್ಸನ್ ಲೂಸಿಯಾನಾದ ಶ್ರೀವ್‌ಪೋರ್ಟ್‌ನವರು. ಅಗ್ನಿಶಾಮಕ ದಳದಲ್ಲಿದ್ದವರ ಮಗ, ರಿಪಬ್ಲಿಕನ್. ಲಿಂಡನ್ ಟೆಕ್ಸಸ್‌ನವರು, ಡೆಮಾಕ್ರಾಟ್. ಹೆಸರೊಂದು ಬಿಟ್ಟರೆ ಇಬ್ಬರಿಗೂ ಏನೂ ನಂಟಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು. ನಾನಿರುವುದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ಊರಿಂದ ಯಾರು ಬಂದರೂ ತೋರಿಸಲು ಇರುವ ನಾಲ್ಕಾರು ಜಾಗಗಳಲ್ಲಿ ಲಿಂಡನ್ ಜಾನ್ಸನ್ ಲೈಬ್ರರಿ ಒಂದು, ಪಶ್ಚಿಮಕ್ಕೆ ಸುಮಾರು ಒಂದು ಗಂಟೆ ಕಾರು ಓಡಿಸಿದರೆ ಸಿಗುವ ಜಾನ್ಸನ್ ಸಿಟಿ ಇನ್ನೊಂದು. ನೆಂಟರನ್ನು ಕರೆದುಕೊಂಡು ಹೋಗಿ ಹೋಗಿ ನನಗೆ ಈ ಜಾನ್ಸನ್‌ಗಳ ಹುಚ್ಚು ಹಿಡಿದುಬಿಟ್ಟಿದೆ. (ಅಂದ ಹಾಗೆ, ಜಾನ್ಸನ್ ಸಿಟಿಗೆ ಆ ಹೆಸರು ಬಂದದ್ದು ಅಧ್ಯಕ್ಷರಿಂದಲ್ಲ. ಅವರು ಹುಟ್ಟುವ ಮೊದಲೇ ಆ ಊರನ್ನು ಹುಟ್ಟುಹಾಕಿದ ಅವರ ಬಂಧು ಜೇಮ್ಸ್ ಪೋಕ್ ಜಾನ್ಸನ್ ಅವರಿಂದ.)

ಮೊದಲು ಲೆಕ್ಕ ನೋಡಿ. 2010ರ ಜನಗಣತಿಯಲ್ಲಿ ಅಮೆರಿಕದ ಅತಿ ಸಾಮಾನ್ಯ ಮನೆಹೆಸರು ಸ್ಮಿತ್, ಸುಮಾರು 24 ಲಕ್ಷ ಜನ. ಎರಡನೆಯದು ಜಾನ್ಸನ್, ಸುಮಾರು 19 ಲಕ್ಷ. ಜಾನ್ ಎಂಬವನ ಮಗ ಜಾನ್ಸನ್, ಅಷ್ಟೇ ಅರ್ಥ. ಜಾನ್ ಇಲ್ಲದ ಊರು ಎಲ್ಲಿತ್ತು? ಇಂಗ್ಲೆಂಡಿನಿಂದ ಬಂದ ಜಾನ್ಸನ್‌ಗಳು ಒಂದು ಕಡೆ. ಸ್ವೀಡನ್, ನಾರ್ವೆಗಳಿಂದ ಬಂದು, ತಮ್ಮ ಮೂಲ ಮನೆಹೆಸರನ್ನು ಇಂಗ್ಲಿಷ್ ಬಾಯಿಗೆ ಹೊಂದುವಂತೆ ತಿದ್ದಿಕೊಂಡು ಜಾನ್ಸನ್ ಆದವರು ಇನ್ನೊಂದು ಕಡೆ. ಮಿನೆಸೋಟಾದಲ್ಲಿ 1905ರಿಂದ 1909ರವರೆಗೆ ಗವರ್ನರ್ ಆಗಿದ್ದ ಜಾನ್ ಆಲ್ಬರ್ಟ್ ಜಾನ್ಸನ್ ಸ್ವೀಡನ್‌ನಿಂದ ವಲಸೆ ಬಂದವರ ಮಗ. ಅದೇ ರಾಜ್ಯದಿಂದ 1923ರಲ್ಲಿ ಸೆನೆಟ್‌ಗೆ ಹೋದ ಮ್ಯಾಗ್ನಸ್ ಜಾನ್ಸನ್ ಅಂತೂ ಸ್ವೀಡನ್‌ನಲ್ಲೇ ಹುಟ್ಟಿದವರು. ಇನ್ನು, ಇಂದಿನ ಜಾನ್ಸನ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲು ಕಪ್ಪು ಜನ. ಗುಲಾಮಗಿರಿಯ ಕಾಲದಲ್ಲಿ ಮತ್ತು ಬಿಡುಗಡೆಯ ನಂತರ ಅಂಟಿದ ಅಥವಾ ಆರಿಸಿಕೊಂಡ ಹೆಸರು ಅದು. ನಮ್ಮಲ್ಲಿ 2023ರ ಸಿದ್ದರಾಮಯ್ಯ ಸಂಪುಟದಲ್ಲಿ ಎಚ್.ಕೆ., ಎಂ.ಬಿ., ಶಿವಾನಂದ, ಶರಣಪ್ರಕಾಶ ಅಂತ ನಾಲ್ವರು ಪಾಟೀಲರು ಸೇರಿದಾಗ ಅವರು ಅಣ್ಣತಮ್ಮಂದಿರಾ ಅಂತ ಯಾರೂ ಕೇಳಲಿಲ್ಲವಲ್ಲ, ಇದೂ ಹಾಗೇ.

ಇಲ್ಲೊಂದು ಸ್ವಾರಸ್ಯವಿದೆ. ಅಮೆರಿಕದಲ್ಲಿ ಒಂದೇ ಮನೆಹೆಸರಿನ ಅಧ್ಯಕ್ಷರ ಜೋಡಿಗಳು ಐದು. ಆಡಮ್ಸ್ ಮತ್ತು ಬುಷ್ ಅಪ್ಪ ಮಕ್ಕಳು, ಹ್ಯಾರಿಸನ್ ತಾತ ಮೊಮ್ಮಗ, ರೂಸ್‌ವೆಲ್ಟ್ ದೂರದ ದಾಯಾದಿಗಳು. ಐದನೆಯ ಜೋಡಿ ಆಂಡ್ರ್ಯೂ ಜಾನ್ಸನ್ ಮತ್ತು ಲಿಂಡನ್ ಜಾನ್ಸನ್. ರಕ್ತಸಂಬಂಧವಿಲ್ಲದ ಜೋಡಿ ಇದೊಂದೇ. ಜನಸಂಖ್ಯೆಯಲ್ಲಿ ಎಲ್ಲರಿಗಿಂತ ಮುಂದಿರುವ ಸ್ಮಿತ್‌ಗಳಿಗೆ ಇಂದಿಗೂ ಆ ಕುರ್ಚಿ ಸಿಕ್ಕಿಲ್ಲ. 1928ರಲ್ಲಿ ನ್ಯೂಯಾರ್ಕ್ ಗವರ್ನರ್ ಅಲ್ ಸ್ಮಿತ್ ಸ್ಪರ್ಧಿಸಿ ಹೂವರ್ ಎದುರು ಸೋತರು.

ಸಂಬಂಧಿಕರಲ್ಲದಿದ್ದರೂ ಈ ಇಬ್ಬರು ಜಾನ್ಸನ್‌ಗಳ ಜಾತಕ ಹೊಂದುತ್ತದೆ. ಒಬ್ಬರು ಹುಟ್ಟಿದ್ದು 1808ರಲ್ಲಿ, ಇನ್ನೊಬ್ಬರು 1908ರಲ್ಲಿ. ಇಬ್ಬರೂ ದಕ್ಷಿಣದವರು, ಇಬ್ಬರೂ ಸೆನೆಟರ್ ಆಗಿದ್ದವರು, ಇಬ್ಬರೂ ಉಪಾಧ್ಯಕ್ಷರಾಗಿದ್ದಾಗ ಅಧ್ಯಕ್ಷರು ಗುಂಡಿಗೆ ಬಲಿಯಾದರು, ಲಿಂಕನ್ 1865ರಲ್ಲಿ, ಕೆನಡಿ 1963ರಲ್ಲಿ. ಲಿಂಕನ್-ಕೆನಡಿ ಕಾಕತಾಳೀಯಗಳ ಒಂದು ಪಟ್ಟಿ ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಅದರಲ್ಲಿ ಜಾನ್ಸನ್‌ಗಳ ವಿಷಯ ನಿಜ. ಆದರೆ ಲಿಂಕನ್ ಹಂತಕ ಬೂತ್ 1839ರಲ್ಲಿ ಹುಟ್ಟಿದ ಅಂತ ಇರುತ್ತದಲ್ಲ, ಅದು ಸುಳ್ಳು. ಅವನು ಹುಟ್ಟಿದ್ದು 1838ರಲ್ಲಿ. ಕೆನಡಿ ಹಂತಕ ಓಸ್ವಾಲ್ಡ್ ಹುಟ್ಟಿದ 1939ಕ್ಕೆ ಸರಿಯಾಗಿ ನೂರು ವರ್ಷದ ಲೆಕ್ಕ ಕೂಡಿಬರಲಿ ಅಂತ ಯಾರೋ ಒಂದು ವರ್ಷ ಸೇರಿಸಿದ್ದಾರೆ.

ಆಂಡ್ರ್ಯೂ ಜಾನ್ಸನ್ ವೃತ್ತಿಯಲ್ಲಿ ದರ್ಜಿ. ಉತ್ತರ ಕೆರೊಲಿನಾದ ರಾಲಿಯಲ್ಲಿ ಬಡವರ ಮನೆಯಲ್ಲಿ ಹುಟ್ಟಿದ ಹುಡುಗನನ್ನು ಒಬ್ಬ ದರ್ಜಿಯ ಬಳಿ ಕೆಲಸ ಕಲಿಯಲು ಬಿಟ್ಟಿದ್ದರು. ಹುಡುಗ ಓಡಿಹೋದ. ಹಿಡಿದುಕೊಟ್ಟವರಿಗೆ 10 ಡಾಲರ್ ಬಹುಮಾನ ಅಂತ ಯಜಮಾನ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದ. ಕೊನೆಗೆ ಟೆನೆಸ್ಸೀಯ ಗ್ರೀನ್‌ವಿಲ್‌ನಲ್ಲಿ ಅಂಗಡಿ ಇಟ್ಟು, ಮದುವೆಯಾಗಿ, ಹೆಂಡತಿ ಎಲೈಜಾ ನೆರವಿನಿಂದ ಬರಹ, ಲೆಕ್ಕ ಸುಧಾರಿಸಿಕೊಂಡು, ಮೇಯರ್‌ನಿಂದ ಸೆನೆಟರ್‌ವರೆಗೆ ಒಂದೊಂದೇ ಮೆಟ್ಟಿಲು ಹತ್ತಿದರು. ಇಲ್ಲಿಯವರೆಗೆ ಕೇಳಿದರೆ ಚಪ್ಪಾಳೆ ತಟ್ಟಬೇಕು ಅನಿಸುತ್ತದೆ. ಉಪಾಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಳ್ಳುವ ದಿನ ಕುಡಿದು ಬಂದು ಏನೇನೋ ಒದರಿದ್ದನ್ನೂ, ಆಗ ಮೈ ಹುಷಾರಿರಲಿಲ್ಲ ಅಂತ ಮನ್ನಿಸಬಹುದು. ಮನ್ನಿಸಲು ಕಷ್ಟವಾಗುವುದು ಆಮೇಲಿನದು. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದವರಿಗೆ ಪೌರತ್ವದ ಹಕ್ಕು ಕೊಡುವ 1866ರ ನಾಗರಿಕ ಹಕ್ಕುಗಳ ಮಸೂದೆಗೆ ಅವರು ವೀಟೋ ಹಾಕಿದರು. ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಆ ವೀಟೋವನ್ನು ತಳ್ಳಿಹಾಕಿ ಕಾನೂನು ಮಾಡಿತು. ಜಗಳ ಬೆಳೆದು 1868ರಲ್ಲಿ ಮಹಾಭಿಯೋಗಕ್ಕೆ ಹೋಯಿತು. ತೆಗೆದುಹಾಕಲು 36 ಸೆನೆಟರ್‌ಗಳು ಬೇಕಿತ್ತು, ಸಿಕ್ಕಿದ್ದು 35. ಒಂದೇ ಒಂದು ಮತದಲ್ಲಿ ಉಳಿದುಕೊಂಡರು.

ಹತ್ತಿರ ಹತ್ತಿರ ನೂರು ವರ್ಷ ಬಿಟ್ಟು, 1964ರ ಜುಲೈ 2ರಂದು, ಇನ್ನೊಂದು ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದವರು ಇನ್ನೊಬ್ಬ ದಕ್ಷಿಣದ ಜಾನ್ಸನ್. ಮರುವರ್ಷ ಮತದಾನದ ಹಕ್ಕಿನ ಕಾಯ್ದೆಗೂ ಸಹಿ ಹಾಕಿದರು. ಲಿಂಡನ್ ಸಾಚಾ ಮನುಷ್ಯ ಅಂತ ನಾನು ಹೇಳುತ್ತಿಲ್ಲ. 1948ರಲ್ಲಿ ಅವರು ಸೆನೆಟ್ ಟಿಕೆಟ್ ಗೆದ್ದದ್ದು 87 ಮತಗಳಿಂದ, ಅದೂ ಆಲಿಸ್ ಎಂಬ ಊರಿನ 13ನೇ ಪೆಟ್ಟಿಗೆಯಲ್ಲಿ ತಡವಾಗಿ ಸಿಕ್ಕಿದ ಮತಗಳಿಂದ. ಆ ಪೆಟ್ಟಿಗೆಯ ಬಗ್ಗೆ ಟೆಕ್ಸಸ್‌ನಲ್ಲಿ ಇಂದಿಗೂ ಜನ ನಗುತ್ತಾರೆ. ವಿಯೆಟ್ನಾಂ ಯುದ್ಧ ಅವರ ಹೆಸರನ್ನು ಅಳಿಸಲಾಗದಂತೆ ಮಸಿ ಮಾಡಿತು. ದರ್ಜಿಯ ಮಾತು ಬಂದದ್ದಕ್ಕೆ ಇನ್ನೊಂದು: ಈ ಜಾನ್ಸನ್ 1964ರಲ್ಲಿ ಶ್ವೇತಭವನದಿಂದ ಹ್ಯಾಗರ್ ಎಂಬ ಪ್ಯಾಂಟ್ ಕಂಪನಿಯವರಿಗೆ ಫೋನ್ ಮಾಡಿ, ತಮಗೆ ಎಲ್ಲೆಲ್ಲಿ ಬಿಗಿಯಾಗುತ್ತದೆ, ಎಲ್ಲೆಲ್ಲಿ ಸಡಿಲ ಬೇಕು ಅಂತ ನಾಚಿಕೆ ಬಿಟ್ಟು ವಿವರಿಸಿದ ಧ್ವನಿಮುದ್ರಣವಿದೆ. ಹುಡುಕಿ ಕೇಳಿ, ಮನೆಯಲ್ಲಿ ಹಿರಿಯರಿಲ್ಲದಾಗ.

ಮೂರನೆಯ ಜಾನ್ಸನ್ ಒಬ್ಬರನ್ನು ಎಲ್ಲರೂ ಮರೆತಿದ್ದಾರೆ. ಕೆಂಟಕಿಯ ರಿಚರ್ಡ್ ಮೆಂಟರ್ ಜಾನ್ಸನ್, 1837ರಿಂದ 1841ರವರೆಗೆ ಉಪಾಧ್ಯಕ್ಷ. 1813ರ ಯುದ್ಧದಲ್ಲಿ ಮೂಲನಿವಾಸಿ ನಾಯಕ ಟೆಕಮ್ಸೆಯನ್ನು ಕೊಂದವರು ಇವರೇ ಅನ್ನುವ ಪ್ರಚಾರದ ಮೇಲೆ ರಾಜಕೀಯ ನಡೆಸಿದರು. ಆದರೆ ಅವರಿಗೆ ಮುಳ್ಳಾದದ್ದು ಸಂಸಾರ. ಗುಲಾಮಳಾಗಿದ್ದ ಜೂಲಿಯಾ ಚಿನ್ ಜೊತೆ ಅವರು ಗಂಡ ಹೆಂಡತಿಯಂತೆಯೇ ಬಾಳಿದರು, ಹುಟ್ಟಿದ ಇಬ್ಬರು ಹೆಣ್ಣುಮಕ್ಕಳನ್ನು ತಮ್ಮವರೆಂದು ಬಹಿರಂಗವಾಗಿ ಒಪ್ಪಿಕೊಂಡರು. ಬೇರೆ ಗುಲಾಮರ ಯಜಮಾನರು ಕತ್ತಲಲ್ಲಿ ಮಾಡಿದ್ದನ್ನು ಈತ ಬೆಳಕಿನಲ್ಲಿ ಒಪ್ಪಿಕೊಂಡದ್ದೇ ತಪ್ಪಾಯಿತು. ಹಾಗಂತ ಆಕೆಯನ್ನು ಗುಲಾಮಗಿರಿಯಿಂದ ಬಿಡುಗಡೆ ಮಾಡಲಿಲ್ಲ ಅನ್ನುವುದೂ ನೆನಪಿರಲಿ. ವರ್ಜೀನಿಯಾದ 23 ಎಲೆಕ್ಟರ್‌ಗಳು (ರಾಜ್ಯದ ಪರವಾಗಿ ಅಧ್ಯಕ್ಷ, ಉಪಾಧ್ಯಕ್ಷರಿಗೆ ಮತ ಹಾಕುವ ಪ್ರತಿನಿಧಿಗಳು) ಅವರಿಗೆ ಮತ ಹಾಕಲು ಒಪ್ಪಲಿಲ್ಲ. 148 ಬೇಕಿದ್ದಲ್ಲಿ 147ಕ್ಕೆ ನಿಂತರು. ಮತ್ತೆ ಅದೇ ಒಂದು ಮತ! ಕೊನೆಗೆ ಸೆನೆಟ್ ಸೇರಿ ಆರಿಸಬೇಕಾಯಿತು. ಸೆನೆಟ್ ಆರಿಸಿದ ಉಪಾಧ್ಯಕ್ಷ ಅಂತ ಅಮೆರಿಕದ ಇತಿಹಾಸದಲ್ಲಿ ಇವರೊಬ್ಬರೇ.

ಈಚಿನವರ ಬಗ್ಗೆ ಬೇಗ ಮುಗಿಸುತ್ತೇನೆ. ವಿಸ್ಕಾನ್ಸಿನ್‌ನ ಸೆನೆಟರ್ ರಾನ್ ಜಾನ್ಸನ್, ಷಿಕಾಗೋ ಮೇಯರ್ ಬ್ರಾಂಡನ್ ಜಾನ್ಸನ್, ಲಿಬರ್ಟೇರಿಯನ್ ಪಕ್ಷದಿಂದ ಎರಡು ಸಲ ಅಧ್ಯಕ್ಷಗಿರಿಗೆ ನಿಂತ ಗ್ಯಾರಿ ಜಾನ್ಸನ್, ನರ್ಸ್ ಆಗಿದ್ದು ಡಲ್ಲಾಸ್‌ನಿಂದ ಮೂವತ್ತು ವರ್ಷ ಸಂಸತ್ತಿನಲ್ಲಿದ್ದ ಎಡ್ಡಿ ಬರ್ನೀಸ್ ಜಾನ್ಸನ್. ಒಂದೇ ಕಾಲದಲ್ಲಿ ಇಬ್ಬರು ಟಿಮ್ ಜಾನ್ಸನ್‌ಗಳೂ ಇದ್ದರು: ಸೌತ್ ಡಕೋಟಾದ ಡೆಮಾಕ್ರಾಟ್ ಸೆನೆಟ್‌ನಲ್ಲಿ, ಇಲಿನಾಯ್‌ನ ರಿಪಬ್ಲಿಕನ್ ಕೆಳಮನೆಯಲ್ಲಿ. ಗೊಂದಲವಾಗದಿರಲಿ ಅಂತ ಕೆಳಮನೆಯ ಮತಪಟ್ಟಿಯಲ್ಲಿ ಜಾನ್ಸನ್ ಎಂದು ಬರೆದು ಪಕ್ಕದಲ್ಲಿ ರಾಜ್ಯದ ಹೆಸರು ಹಾಕುತ್ತಾರೆ. ಶಾಲೆಯಲ್ಲಿ ಮೂವರು ಮಂಜುನಾಥರಿದ್ದರೆ ಮೇಷ್ಟ್ರು ಹಾಜರಿ ಕೂಗುವಂತೆ.

ಆದರೆ ನನ್ನಂಥ ವಲಸೆಗಾರನಿಗೆ ತಟ್ಟುವ ಜಾನ್ಸನ್‌ಗಳ ಕಥೆ ಬೇರೆಯೇ ಇದೆ. ಕ್ಯಾಲಿಫೋರ್ನಿಯಾದ ಗವರ್ನರ್ ಹೈರಮ್ ಜಾನ್ಸನ್ ದೊಡ್ಡ ಸುಧಾರಕ. ಚುನಾಯಿತರನ್ನು ನಡುವೆಯೇ ಕೆಳಗಿಳಿಸುವ ಹಕ್ಕನ್ನು 1911ರಲ್ಲಿ ಮತದಾರರ ಕೈಗೆ ಕೊಡಿಸಿದವರು ಅವರು. 2003ರಲ್ಲಿ ಗ್ರೇ ಡೇವಿಸ್ ಇಳಿದು ಶ್ವಾರ್ಜನೆಗರ್ ಬಂದದ್ದು ಆ ಹಕ್ಕಿನಿಂದಲೇ. ಅದೇ ಹೈರಮ್ 1913ರಲ್ಲಿ ಇನ್ನೊಂದು ಕಾನೂನಿಗೆ ಸಹಿ ಹಾಕಿದರು: ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಗಳು ಕೃಷಿಭೂಮಿ ಕೊಳ್ಳುವಂತಿಲ್ಲ. ಗುರಿ ಜಪಾನೀಯರು. ಆದರೆ 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ (ನಮ್ಮ ಭಗತ್ ಸಿಂಗ್ ಅಲ್ಲ, ಇಲ್ಲೂ ಹೆಸರಿನದೇ ತಾಪತ್ರಯ) ಭಾರತೀಯರಿಗೂ ಪೌರತ್ವದ ಅರ್ಹತೆ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಅಲ್ಲಿ ಬೇಸಾಯ ಮಾಡುತ್ತಿದ್ದ ಪಂಜಾಬಿಗಳೂ ಅದೇ ಬಲೆಗೆ ಬಿದ್ದರು. ಮರುವರ್ಷವೇ ಬಂತು ಜಾನ್ಸನ್-ರೀಡ್ ಕಾಯ್ದೆ. ಈ ಜಾನ್ಸನ್ ಹೆಸರು ಆಲ್ಬರ್ಟ್, ವಾಷಿಂಗ್ಟನ್ ರಾಜ್ಯದ ಪತ್ರಿಕಾ ಸಂಪಾದಕ, ಕೆಳಮನೆಯ ವಲಸೆ ಸಮಿತಿಯ ಅಧ್ಯಕ್ಷ. ಯಾವ ದೇಶದಿಂದ ಎಷ್ಟು ಜನ ಬರಬಹುದು ಅಂತ ಕೋಟಾ ಹಾಕಿ, ಪೌರತ್ವಕ್ಕೆ ಅರ್ಹರಲ್ಲದ ಏಷ್ಯನ್ನರಿಗೆ ಬಾಗಿಲು ಜಡಿದ ಕಾನೂನು ಅದು. ಭಾರತದಿಂದ ಬರುವ ಕೂಲಿಗಳಿಗೆ 1917ರಲ್ಲೇ ತಡೆ ಬಿದ್ದಿತ್ತು, ಇದು ಮೇಲೊಂದು ಚಿಲಕ.

1946ರಲ್ಲಿ ಭಾರತಕ್ಕೆ ಕೋಟಾ ಸಿಕ್ಕಿತು. ವರ್ಷಕ್ಕೆ ನೂರು ಜನ!

ಆ ಕೋಟಾ ಪದ್ಧತಿಯನ್ನು ತೆಗೆದುಹಾಕಿದ ಕಾಯ್ದೆಗೆ 1965ರ ಅಕ್ಟೋಬರ್ 3ರಂದು, ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ ಸಹಿ ಬಿತ್ತು. ಹಾಕಿದ್ದು ಲಿಂಡನ್ ಜಾನ್ಸನ್. ಆ ಮಸೂದೆಯನ್ನು ಕೆಳಮನೆಯಲ್ಲಿ ಹೊತ್ತು ಸಾಗಿಸಿದ ಇಮ್ಯಾನುಯೆಲ್ ಸೆಲ್ಲರ್, 1924ರಲ್ಲಿ ಹೊಸ ಸದಸ್ಯರಾಗಿದ್ದಾಗ ಆಲ್ಬರ್ಟ್ ಜಾನ್ಸನ್ ಕಾಯ್ದೆಯ ವಿರುದ್ಧ ಮಾತಾಡಿ ಸೋತವರು. ನಲವತ್ತು ವರ್ಷ ಅಲ್ಲೇ ಕಾದು ಕೂತು ಗೆದ್ದರು. ಇದೇನೂ ಕ್ರಾಂತಿಕಾರಿ ಮಸೂದೆಯಲ್ಲ, ಲಕ್ಷಾಂತರ ಜನರ ಬದುಕನ್ನು ಇದು ಮುಟ್ಟುವುದಿಲ್ಲ ಅಂತ ಲಿಂಡನ್ ಅಂದು ಭಾಷಣದಲ್ಲಿ ಹೇಳಿದರು. ಅಮೆರಿಕದ ಯಾವ ಊರಿನ ಕನ್ನಡ ಕೂಟಕ್ಕೇ ಹೋದರೂ ಆ ಮಾತು ಎಷ್ಟು ತಪ್ಪಾಯಿತು ಅಂತ ಕಾಣುತ್ತದೆ.

ಹೋದ ಸಲ ಅಪ್ಪ ಬಂದಾಗ ಜಾನ್ಸನ್ ಸಿಟಿ ದಾಟಿ, ಪೆಡರ್ನೇಲ್ಸ್ ನದಿಯ ದಡದ ಅವರ ರ‍್ಯಾಂಚ್‌ವರೆಗೂ ಕರೆದುಕೊಂಡು ಹೋಗಿದ್ದೆ. ದಾರಿಯುದ್ದಕ್ಕೂ ಇಷ್ಟೂ ಜಾನ್ಸನ್‌ಗಳ ಪುರಾಣ ಹೇಳಿದೆ. ಅಪ್ಪನಿಗೆ ನೆನಪಿದ್ದ ಜಾನ್ಸನ್ ಬೇರೆ. ‘ರೇಷನ್‌ನಲ್ಲಿ ಅಮೆರಿಕದ ಕೆಂಪು ಗೋಧಿ ಕೊಡ್ತಿದ್ರು ಕಣೋ. ಮುದ್ದೆ ತಿನ್ನೋರಿಗೆ ಗೋಧಿ ಕೊಟ್ರೆ ಏನ್ ಮಾಡ್ತಾರೆ? ಅದಕ್ಕೂ ಈ ಮನುಷ್ಯ ತಿಂಗಳು ತಿಂಗಳು ಸತಾಯಿಸ್ತಿದ್ದ’ ಅಂದರು. ಅದೂ ನಿಜ. 1965ರಿಂದ 67ರ ಬರಗಾಲದಲ್ಲಿ, ಭಾರತ ತನ್ನ ಕೃಷಿ ನೀತಿ ಬದಲಿಸಲಿ ಅಂತಲೂ, ವಿಯೆಟ್ನಾಂ ಬಗ್ಗೆ ನಾವು ಆಡಿದ ಮಾತಿಗೆ ಸಿಟ್ಟಾಗಿಯೂ, ಲಿಂಡನ್ ಗೋಧಿ ಹಡಗುಗಳನ್ನು ಅಳೆದು ಸುರಿದು ಬಿಡುತ್ತಿದ್ದರು. ನಾನು ಎದುರು ಮಾತಾಡಲಿಲ್ಲ.

ರ‍್ಯಾಂಚ್‌ನಲ್ಲಿ ಓಕ್ ಮರಗಳ ಕೆಳಗೆ, ಕಲ್ಲಿನ ಗೋಡೆಯೊಳಗೆ ಆ ಮನೆಯವರ ಸಮಾಧಿಗಳಿವೆ. ಲಿಂಡನ್, ಅವರ ಹೆಂಡತಿ ಲೇಡಿ ಬರ್ಡ್, ಅಪ್ಪ, ಅಮ್ಮ. ನಮ್ಮಪ್ಪ ಗೋಡೆಯಾಚೆ ನಿಂತು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಕಲ್ಲಿನ ಹೆಸರು ಓದಿದರು. ಆಮೇಲೆ, ‘ಬೆಳಗ್ಗೆಯಿಂದ ನೀನು ಹೇಳಿದ ಜಾನ್ಸನ್‌ಗಳಲ್ಲಿ ಸಂಬಂಧಿಕರು ಅಂತ ಇರೋರು ಇಲ್ಲಿ ಮಲಗಿರೋರು ಮಾತ್ರ ಅನ್ನು’ ಅಂದರು.