ಯಾವ ಔಷಧಿಗೂ ಬಗ್ಗದ ತಲೆನೋವಿಗೆ ದಾರಿ ಇದೆಯಾ?

ನಮಸ್ಕಾರ. ಹನ್ನೊಂದು ವರ್ಷದಿಂದ ತಲೆನೋವು, ಸ್ಕ್ಯಾನ್ ನಾರ್ಮಲ್, ನಾಲ್ಕು ಡಾಕ್ಟರ್ ಆಯಿತು, ಯಾವ ಔಷಧಿಯೂ ಹಿಡಿಸಲಿಲ್ಲ, ಈಗ ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗಿ ಆಫೀಸಿಗೆ ಹೋಗುತ್ತೇನೆ ಅಂತ ಬರೆದಿದ್ದೀರಿ. "ಇನ್ನು ಹೀಗೇನಾ, ಏನಾದರೂ ದಾರಿ ಇದೆಯಾ" ಅಂತ ಕೇಳಿದ್ದೀರಿ.

ದಾರಿ ಇದೆ. ಪೂರ್ತಿ ವಾಸಿಯಾಗುತ್ತದೆ ಅಂತ ಹೇಳುವುದಿಲ್ಲ, ನನಗೂ ಆಗಿಲ್ಲ. ನಾನು ಡಾಕ್ಟರೂ ಅಲ್ಲ, ತುಮಕೂರು ಕಡೆಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮೈಗ್ರೇನ್ ಶುರುವಾಗಿದ್ದು ಕಾಲೇಜಿನಲ್ಲಿ. ಒಂದು ಕಾಲದಲ್ಲಿ ತಿಂಗಳಲ್ಲಿ ನೋವಿಲ್ಲದ ದಿನ ಹುಡುಕಬೇಕಿತ್ತು. ಈಗ ನೋವಿನ ದಿನಗಳೇ ಕಡಿಮೆ. ಬಂದರೂ ಪಾಠ ನಿಲ್ಲುವುದಿಲ್ಲ.

ನೀವು ಬರೆದಿದ್ದರಲ್ಲಿ ನನ್ನ ಕಣ್ಣು ನಿಂತಿದ್ದು ಆ "ದಿನಾ ಬೆಳಿಗ್ಗೆ ಒಂದು ಮಾತ್ರೆ" ಅನ್ನುವ ಕಡೆ. ನೋವಿನ ಮಾತ್ರೆ ಜಾಸ್ತಿ ದಿನ ನುಂಗಿದರೆ ಆ ಮಾತ್ರೆಯಿಂದಲೇ ತಲೆನೋವು ಬರುತ್ತದೆ. ಕೇಳಿದರೆ ತಮಾಷೆ ಅನಿಸಬಹುದು, ಆದರೆ ಡಾಕ್ಟರುಗಳ ಪಟ್ಟಿಯಲ್ಲಿ ಇದಕ್ಕೆ ಬೇರೆಯೇ ಹೆಸರಿದೆ, ಬೇರೆಯೇ ಲೆಕ್ಕವಿದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತರಹದ ಸಾದಾ ಮಾತ್ರೆಯಾದರೆ ತಿಂಗಳಿಗೆ 15 ದಿನ. ಸುಮಾಟ್ರಿಪ್ಟಾನ್ ತರಹದ ಮೈಗ್ರೇನ್ ಮಾತ್ರೆ, ಎರ್ಗೊಟಮಿನ್ ಇರುವುದು, ಎರಡು ಮೂರು ಔಷಧಿ ಸೇರಿಸಿ ಮಾಡಿದ್ದು ಆದರೆ 10 ದಿನವೇ ಸಾಕು. ಮೂರು ತಿಂಗಳು ದಾಟಿ ಹೀಗೆ ನಡೆದರೆ ಮಾತ್ರೆಯ ಮೇಲೆ ಅನುಮಾನ ಪಡಬೇಕು. ಮೊದಲೇ ಮೈಗ್ರೇನ್ ಇದ್ದವರಿಗೆ ಈ ಕಾಟ ಜಾಸ್ತಿ. ಮೆಡಿಕಲ್ ಶಾಪಿನಲ್ಲಿ "ತಲೆನೋವಿಗೆ ಏನಾದ್ರೂ ಕೊಡಿ" ಅಂದರೆ ಎಷ್ಟೋ ಸಲ ಕೈಗೆ ಬರುವುದು ಆ ಮೂರು ಸೇರಿದ ಮಾತ್ರೆಯೇ. ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ ನೋಡಿ. ಕೆಫೀನ್ ಕೂಡ ಇರುತ್ತದೆ. ಅದರ ಮೇಲೆ ನಮ್ಮ ಕಾಫಿ ಬೇರೆ.

ಇದು ನಡೆಯುತ್ತಿರುವಾಗ ಬೇರೆ ಔಷಧಿ ಸರಿಯಾಗಿ ಹಿಡಿಯದೆ ಇರುವುದೂ ಉಂಟು. ಹಾಗಾಗಿ ನರರೋಗ ತಜ್ಞರ ಹತ್ತಿರ ಹೋದಾಗ ಮೊದಲು ಈ ವಿಷಯ ಬಾಯಿಬಿಟ್ಟು ಹೇಳಿ. ಎಷ್ಟೋ ಜನ ಹೇಳುವುದೇ ಇಲ್ಲ, ಅವರಿಗೆ ಅದು ಔಷಧಿ ಅಂತಲೇ ಅನಿಸುವುದಿಲ್ಲ. ಸಾದಾ ಮಾತ್ರೆಯಾದರೆ ಒಂದೇ ಸಲಕ್ಕೆ ನಿಲ್ಲಿಸಿ ಅನ್ನಬಹುದು. ಟ್ರಮಡಾಲ್, ಕೊಡೀನ್ ತರಹದ ಜೋರಾದ ನೋವಿನ ಮಾತ್ರೆ, ನಿದ್ದೆ ಮಾತ್ರೆ ಏನಾದರೂ ಇದ್ದರೆ ಮಾತ್ರ ನೀವೇ ನಿಲ್ಲಿಸಲು ಹೋಗಬೇಡಿ. ಅದನ್ನು ಮೆಲ್ಲಗೆ ಇಳಿಸಬೇಕು.

ನಿಲ್ಲಿಸಿದ ಮೇಲೆ ಮೊದಲ ವಾರ, ಹತ್ತು ದಿನ ನೋವು ಇನ್ನೂ ಏರುತ್ತದೆ. ಇದನ್ನು ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ ಮೂರನೇ ದಿನಕ್ಕೇ ಮತ್ತೆ ಮೆಡಿಕಲ್ ಶಾಪಿಗೆ ಓಡುತ್ತೀರಿ. ನನಗೆ ದಸರಾ ರಜೆ ನೋಡಿಕೊಂಡು ನಿಲ್ಲಿಸಿದರು. ಕಿಟಕಿಗೆಲ್ಲ ಬೆಡ್‌ಶೀಟ್ ಕಟ್ಟಿ ಒಳಗೆ ಮಲಗಿದ್ದೆ. ಬೆಳಿಗ್ಗೆ ಕುಕ್ಕರ್ ಕೂಗಿದರೆ ದಿಂಬನ್ನು ಕಿವಿಗೆ ಒತ್ತಿಕೊಂಡು ವಿಸಿಲ್ ಎಣಿಸುತ್ತಿದ್ದೆ. ಅದನ್ನು ನೋಡಿ ನಮ್ಮ ಅತ್ತೆ ಕುಕ್ಕರ್ ಮೇಲೆತ್ತಿಟ್ಟು, ರಜೆ ಮುಗಿಯುವ ತನಕ ಪಾತ್ರೆಯಲ್ಲೇ ಅನ್ನ ಬಸಿದರು. ಆಮೇಲೆ ನೋವು ನಿಂತಿತು ಅಂತಲ್ಲ. ದಿನವಿಡೀ ಒಂದೇ ಸಮನೆ ಇರುತ್ತಿದ್ದದ್ದು ಬಿಟ್ಟು ಬಿಟ್ಟು ಬರತೊಡಗಿತು.

ಇನ್ನು "ಯಾವ ಔಷಧಿಯೂ ಹಿಡಿಸಲಿಲ್ಲ" ಅನ್ನುವ ಮಾತು. ಯಾವುದು, ಎಷ್ಟು ಮಿಲಿಗ್ರಾಂ, ಎಷ್ಟು ದಿನ? ಮೈಗ್ರೇನ್ ಬಾರದ ಹಾಗೆ ದಿನಾ ತೆಗೆದುಕೊಳ್ಳುವ ಔಷಧಿಗಳು ಇವೆಯಲ್ಲ, ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೊಪಿರಮೇಟ್, ಫ್ಲುನಾರಿಜಿನ್, ಇವು ಯಾವುವೂ ಎರಡು ವಾರಕ್ಕೆ ಕೆಲಸ ಮಾಡುವುದಿಲ್ಲ. ಸರಿಯಾದ ಪ್ರಮಾಣಕ್ಕೆ ಏರಿಸಿದ ಮೇಲೆ ಎರಡು ತಿಂಗಳಾದರೂ ಕಾಯಬೇಕು. ನೋವಿನ ದಿನ ಅರ್ಧಕ್ಕೆ ಇಳಿದರೆ ಡಾಕ್ಟರುಗಳು ಔಷಧಿ ಗೆದ್ದಿತು ಅಂತಲೇ ಎಣಿಸುತ್ತಾರೆ. ನಾವು ಸೊನ್ನೆ ಬರಬೇಕು ಅಂತ ಕಾಯುತ್ತಿರುತ್ತೇವೆ, ಅಲ್ವಾ? ಯುರೋಪಿನ ತಲೆನೋವು ತಜ್ಞರ ಒಕ್ಕೂಟ 2020ರಲ್ಲಿ ಹಾಕಿಕೊಂಡ ಅಳತೆಯಂತೆ, ಬೇರೆ ಬೇರೆ ಗುಂಪಿನ ಕನಿಷ್ಠ ಮೂರು ಔಷಧಿ ಸೋತ ಮೇಲೂ ತಿಂಗಳಿಗೆ 8 ದಿನವಾದರೂ ಏಳಲಾಗದಂಥ ನೋವು ಉಳಿದರೆ ಮಾತ್ರ ಅದು ಔಷಧಿಗೆ ಬಗ್ಗದ ಮೈಗ್ರೇನ್. ಎಲ್ಲ ಗುಂಪೂ ಸೋತವರಿಗೆ ಇನ್ನೊಂದು ಹೆಸರಿದೆ, ಆ ಪಟ್ಟಿಯಲ್ಲಿ ಜನ ಕಡಿಮೆ. ನೀವು ಯಾವ ಪಟ್ಟಿಯಲ್ಲಿದ್ದೀರಿ ಅಂತ ಹಳೆ ಚೀಟಿಗಳನ್ನೆಲ್ಲ ಮುಂದಿಟ್ಟುಕೊಂಡು ನೋಡಿ.

ಚೀಟಿಯ ಮಾತು ಬಂತಲ್ಲ, ಈ ಔಷಧಿಗಳು ಮನೆಯಲ್ಲಿ ಗಲಾಟೆ ಮಾಡಿಸುತ್ತವೆ. ಒಂದು ಬಿಪಿಗೆ ಕೊಡುವುದು, ಒಂದು ಫಿಟ್ಸಿಗೆ, ಒಂದು ಖಿನ್ನತೆಗೆ. ಗಂಡನೋ ಮೈದುನನೋ ಮೊಬೈಲಿನಲ್ಲಿ ಹುಡುಕಿ "ಅಯ್ಯೋ, ಇದು ಫಿಟ್ಸ್ ಮಾತ್ರೆ, ಬಿಟ್ಟುಬಿಡು" ಅನ್ನುತ್ತಾರೆ. ಅದೇ ಮಾತ್ರೆಯೇ ಮೈಗ್ರೇನಿಗೂ ಆಗಿಬರುತ್ತದೆ. ತೊಂದರೆಯೇ ಇಲ್ಲ ಅಂತಲ್ಲ. ಅಮಿಟ್ರಿಪ್ಟಿಲಿನ್ ಬಾಯಿ ಒಣಗಿಸುತ್ತದೆ, ಬೆಳಿಗ್ಗೆ ಮಂಪರು. ಫ್ಲುನಾರಿಜಿನ್‌ನಲ್ಲಿ ತೂಕ ಏರುತ್ತದೆ. ಆಸ್ತಮಾ ಇದ್ದವರಿಗೆ ಪ್ರೊಪ್ರನೊಲಾಲ್ ಆಗದು. ಟೊಪಿರಮೇಟ್ ತೆಗೆದುಕೊಂಡಾಗ ನನಗೆ ಬೆರಳ ತುದಿ ಜುಮುಗುಟ್ಟುತ್ತಿತ್ತು, ಅದಿರಲಿ. ಒಂದು ದಿನ ಒಂಬತ್ತನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ತ್ರಿಭುಜ ಬರೆದು, ಅದರ ಉದ್ದದ ಗೆರೆಗೆ ಬೆರಳಿಟ್ಟು ನಿಂತೆ. ವಿಕರ್ಣ ಅನ್ನುವ ಮಾತು ನಾಲಿಗೆಗೆ ಬರಲೇ ಇಲ್ಲ. ಕೊನೆಗೆ ಮುಂದಿನ ಬೆಂಚಿನ ಹುಡುಗಿ ಹೇಳಿದಳು. ಇದು ಆ ಔಷಧಿಯ ಗೊತ್ತಿರುವ ಅಡ್ಡ ಪರಿಣಾಮ. ಡಾಕ್ಟರಿಗೆ ಹೇಳಿದೆ, ಬದಲಾಯಿಸಿದರು. ಮಗು ಮಾಡಿಕೊಳ್ಳುವ ಯೋಚನೆ ಇದ್ದರಂತೂ ಟೊಪಿರಮೇಟ್, ಅದರ ಹಾಗೆಯೇ ಫಿಟ್ಸಿಗೂ ಮೈಗ್ರೇನಿಗೂ ಕೊಡುವ ವಾಲ್ಪ್ರೊಯೇಟ್, ಎರಡರ ಬಗ್ಗೆಯೂ ಮೊದಲೇ ಕೇಳಿ. ಹೊಟ್ಟೆಯಲ್ಲಿರುವ ಮಗುವಿಗೆ ಅವು ತೊಂದರೆ ಮಾಡುತ್ತವೆ.

ಕಾಯಿಲೆಯ ಹೆಸರೇ ತಪ್ಪಿರಬಹುದು, ಅದನ್ನೂ ನೋಡಬೇಕು. ನಮ್ಮಲ್ಲಿ ವಾಂತಿ ಬಂದರೆ ಪಿತ್ತ, ಮೂಗು ಕಟ್ಟಿದರೆ ಸೈನಸ್, ಕತ್ತು ನೋವಾದರೆ ಮೂಳೆ ಸವೆತ. ಮೂರೂ ಮೈಗ್ರೇನಿನಲ್ಲೂ ಬರುತ್ತವೆ. ತಿಂಗಳಿಗೆ 15 ದಿನ ತಲೆನೋವಿದ್ದು, ಅದರಲ್ಲಿ 8 ದಿನವಾದರೂ ಮೈಗ್ರೇನಿನ ಲಕ್ಷಣ ಇದ್ದು, ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ಮೈಗ್ರೇನ್ ಅನ್ನುತ್ತಾರೆ. ಆದರೆ ಇನ್ನೊಂದು ಜಾತಿ ಇದೆ. ಯಾವಾಗಲೂ ಒಂದೇ ಪಕ್ಕ, ಒಂದು ಗಳಿಗೆಯೂ ಪೂರ್ತಿ ಬಿಡುವುದಿಲ್ಲ, ಜೋರಾದಾಗ ಅದೇ ಪಕ್ಕದ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ. ಇದು ಇಂಡೊಮೆಥಾಸಿನ್ ಅನ್ನುವ ಹಳೆಯ, ಅಗ್ಗದ ಮಾತ್ರೆಗೆ ಪೂರ್ತಿ ಬಗ್ಗುತ್ತದೆ, ಬೇರೆ ಯಾವುದಕ್ಕೂ ಅಷ್ಟಾಗಿ ಬಗ್ಗುವುದಿಲ್ಲ. ಹೊಟ್ಟೆಗೆ ಅದು ಒರಟು, ಹಾಗಾಗಿ ಡಾಕ್ಟರ್ ಕೈಯಲ್ಲೇ ಆಗಬೇಕು. ನಿಮ್ಮದು ಹೀಗಿದ್ದರೆ ಆ ಮಾತ್ರೆಯ ಹೆಸರು ಹೇಳಿ ಬಾಯಿಬಿಟ್ಟು ಕೇಳಿ.

ಮಾತ್ರೆ ಆದ ಮೇಲೆ ಇಂಜೆಕ್ಷನ್‌ಗಳು. ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ತಲೆಯ ಹಿಂದಿನ ನರಕ್ಕೆ ಕೊಡುವ ಬ್ಲಾಕ್. ಹಲ್ಲು ಕೀಳುವಾಗ ಕೊಡುತ್ತಾರಲ್ಲ, ಅದೇ ಜಾತಿಯ ಮರಗಟ್ಟಿಸುವ ಔಷಧಿ. ಕುರ್ಚಿಯಲ್ಲಿ ಕೂರಿಸಿ ತಲೆ ಬಗ್ಗಿಸಿ ಅಂದರು. ಹಿಂದಲೆಯ ಉಬ್ಬು ಮೂಳೆಯ ಪಕ್ಕದಲ್ಲಿ ಹೆಬ್ಬೆರಳಿನಿಂದ ಒತ್ತುತ್ತಾ ಬಂದು, ನಾನು "ಹಾಂ, ಅಲ್ಲೇ" ಅಂದ ಕಡೆ ಸೂಜಿ ಹಾಕಿದರು. ಚುಚ್ಚಿದ್ದು ಅಷ್ಟೇನಲ್ಲ, ಔಷಧಿ ಒಳಗೆ ಹೋಗುವಾಗ ಭಾರವಾಗಿ ಒತ್ತಿದ ಹಾಗೆ. ಸಂಜೆ ಜಡೆ ಬಾಚುವಾಗ ಹಿಂದೆ ಬಾಚಣಿಗೆ ತಾಗುವುದೇ ಗೊತ್ತಾಗಲಿಲ್ಲ. ಕೆಲವು ವಾರ ಆರಾಮಾಗಿದ್ದೆ. ಎಲ್ಲರಿಗೂ ಹಿಡಿಯುವುದಿಲ್ಲ, ಹಿಡಿದರೂ ಮತ್ತೆ ಬೇಕಾಗುತ್ತದೆ. ಬೊಟಾಕ್ಸ್‌ಗೆ ಅಮೆರಿಕದಲ್ಲಿ 2010ರಲ್ಲೇ ದೀರ್ಘಕಾಲದ ಮೈಗ್ರೇನಿಗೆ ಅನುಮತಿ ಸಿಕ್ಕಿದೆ. ಹಣೆ, ಹಣೆಯ ಎರಡೂ ಪಕ್ಕ, ಹಿಂದಲೆ, ಕತ್ತು, ಭುಜ ಸೇರಿ 31 ಕಡೆ ಚುಚ್ಚುತ್ತಾರೆ, 12 ವಾರಕ್ಕೊಮ್ಮೆ. ಇತ್ತೀಚಿನವು ಮೈಗ್ರೇನ್ ನೋವಿನಲ್ಲಿ ಕೈಯಿರುವ ಸಿಜಿಆರ್‌ಪಿ ಅನ್ನುವ ವಸ್ತುವನ್ನು ತಡೆಯುವ ಇಂಜೆಕ್ಷನ್‌ಗಳು. ಮೈಗ್ರೇನಿಗೆಂದೇ ಮಾಡಿದವು, ಚೆನ್ನಾಗಿವೆ, ದುಬಾರಿ. ಟೀಚರ್ ಸಂಬಳದಲ್ಲಿ ನಾನು ಆ ಕಡೆ ಹೋಗಿಲ್ಲ.

ದಿನನಿತ್ಯದ್ದು ಸ್ವಲ್ಪ ಹೇಳುತ್ತೇನೆ. ನನಗೆ ತಲೆಗೆ ಸ್ನಾನ ಮಾಡಿದರೆ ಬರುತ್ತದೆ. ಇದು ಮನಸ್ಸಿನ ಭ್ರಮೆ ಅಂದುಕೊಳ್ಳಬೇಡಿ. ಮುಂಬೈನ ತಲೆನೋವು ತಜ್ಞ ಕೆ. ರವಿಶಂಕರ್ ಇಂಥ 94 ಜನರ ಬಗ್ಗೆ 2006ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಈಗ ಶನಿವಾರ ಮಧ್ಯಾಹ್ನ ಸ್ಕೂಲ್ ಮುಗಿಸಿ ಬಂದು ಎರೆದುಕೊಳ್ಳುತ್ತೇನೆ, ತಕ್ಷಣ ಕೂದಲು ಒಣಗಿಸುತ್ತೇನೆ. ಉಪವಾಸ ಬಿಟ್ಟಿದ್ದೇನೆ. ದೇವರೇನೂ ಬೇಜಾರು ಮಾಡಿಕೊಂಡ ಹಾಗಿಲ್ಲ. ಭಾನುವಾರ ಅಂತ ಹತ್ತು ಗಂಟೆ ತನಕ ಮಲಗುವುದೂ ಇಲ್ಲ. ಕಾಫಿ ದಿನಾ ಅದೇ ಹೊತ್ತಿಗೆ, ಅದೇ ಅಳತೆ.

ಮನೆಯವರು ನೆಪ ಅನ್ನುತ್ತಾರೆ ಅಂತಲೂ ಬರೆದಿದ್ದೀರಿ. ನಿಮ್ಹಾನ್ಸ್‌ನವರು ಬೆಂಗಳೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಕೇಳಿದ್ದರು. 2015ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ವರ್ಷದೊಳಗೆ ಮೈಗ್ರೇನ್ ಬಂದವರು ಸುಮಾರು ನಾಲ್ವರಲ್ಲಿ ಒಬ್ಬರು, ಹೆಂಗಸರು ಜಾಸ್ತಿ. ಇಷ್ಟು ಜನ ಒಟ್ಟಿಗೆ ಸೇರಿ ನೆಪ ಹೇಳುತ್ತಾರಾ? ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಗಂಡನನ್ನೋ ಅತ್ತೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ನಾವು ಹೇಳಿದರೆ ಕೇಳದವರು ಡಾಕ್ಟರ್ ಹೇಳಿದರೆ ಕೇಳುತ್ತಾರೆ.

ಸ್ಕ್ಯಾನ್ ನಾರ್ಮಲ್ ಅಂತ ಪೂರ್ತಿ ಮೈಮರೆಯಬೇಡಿ. ಒಂದೇ ನಿಮಿಷದಲ್ಲಿ ತಾರಕಕ್ಕೇರುವ ನೋವು, ಜ್ವರದ ಜೊತೆ ಕತ್ತು ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಕೆಮ್ಮಿದರೆ ಬಗ್ಗಿದರೆ ಏರುವ ಹೊಸ ನೋವು, ಇವು ಬಂದರೆ ಸೀದಾ ಆಸ್ಪತ್ರೆಗೆ.

ನೀವು ದಿನಾ ನುಂಗುವ ಮಾತ್ರೆಯ ಹಿಂದೆ ಏನೇನು ಬರೆದಿದೆ, ನೋವು ಒಂದೇ ಪಕ್ಕವಾ ಎರಡೂ ಪಕ್ಕವಾ, ಕಣ್ಣಲ್ಲಿ ನೀರು ಬರುತ್ತದಾ, ಇದುವರೆಗೆ ಯಾವ ಔಷಧಿ ಎಷ್ಟು ತಿಂಗಳು ತೆಗೆದುಕೊಂಡಿರಿ, ಇಷ್ಟನ್ನು ಕೆಳಗೆ ಬರೆಯಿರಿ. ಡಾಕ್ಟರ್ ಹತ್ತಿರ ಏನೇನು ಕೇಳಬಹುದು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ.