ಬೋಳು ಗುಡ್ಡಕ್ಕೆ ಓಟು ಹಾಕಿದವರು

ಪತ್ರ: "ಮಗಳ ಮನೆಗೆಂದು ಅಮೆರಿಕದ ಫೀನಿಕ್ಸ್‌ಗೆ ಹೋಗಿದ್ದೆ. ಮರುಭೂಮಿಯ ಊರು. ಊರ ನಡುವೆಯೇ ದೊಡ್ಡ ದೊಡ್ಡ ಬೋಳು ಗುಡ್ಡಗಳು. ಮರವಿಲ್ಲ, ನೆರಳಿಲ್ಲ, ಪಾರ್ಕ್ ಅಂತ ಬೋರ್ಡು ಮಾತ್ರ ಇದೆ. ಸುತ್ತಮುತ್ತ ಜಾಗಕ್ಕೆ ಅಷ್ಟು ರೇಟು ಇರುವಾಗ ಇದನ್ನು ಸುಮ್ನೆ ಯಾಕೆ ಬಿಟ್ಟಿದ್ದಾರೆ?"
ನಿವೃತ್ತ ಶಿಕ್ಷಕರು, ಬಳ್ಳಾರಿ

ಮೇಷ್ಟ್ರೇ, ನಮಸ್ಕಾರ.

ಅದು ಸುಮ್ನೆ ಉಳಿದ ಜಾಗ ಅಲ್ಲ. ಜನ ಹಟ ಹಿಡಿದು ಉಳಿಸಿಕೊಂಡಿದ್ದು.

ಊರಿನ ದಕ್ಷಿಣಕ್ಕೆ ಉದ್ದಕ್ಕೆ ಮಲಗಿರುವ ಸೌತ್ ಮೌಂಟನ್ ನೋಡಿರುತ್ತೀರಿ, ನೆತ್ತಿಯ ಮೇಲೆ ಟವರ್‌ಗಳಿವೆಯಲ್ಲ, ಅದೇ. 1924ರಲ್ಲಿ ಫೀನಿಕ್ಸ್ ಇನ್ನೂ ಸಣ್ಣ ಊರು. ಆಗಲೇ ನಗರದವರು ಅಲ್ಲಿ ಸುಮಾರು 13,000 ಎಕರೆಯನ್ನು ಕೇಂದ್ರ ಸರ್ಕಾರದಿಂದ 17,000 ಡಾಲರಿಗೆ ಕೊಂಡರು. ಎಕರೆಗೆ ಒಂದೂಕಾಲು ಡಾಲರಿಗಿಂತ ಸ್ವಲ್ಪ ಜಾಸ್ತಿ. ಈಗ ಆ ಪಾರ್ಕ್ 16,000 ಎಕರೆ ದಾಟಿದೆ. ಊರಾಚೆ ಇದ್ದ ಗುಡ್ಡದ ಬುಡಕ್ಕೆ ಊರೇ ಬೆಳೆದು ಬಂತು.

ಕ್ಯಾಮೆಲ್‌ಬ್ಯಾಕ್ ಗುಡ್ಡಕ್ಕೆ ಆ ಅದೃಷ್ಟ ಇರಲಿಲ್ಲ. ಮಲಗಿದ ಒಂಟೆಯಂತಿರುವ ಅದರ ಮೈಮೇಲೆ ಮನೆಗಳು ಹತ್ತುತ್ತಾ ಹೋದವು. 1964ರ ಅಧ್ಯಕ್ಷ ಚುನಾವಣೆಯಲ್ಲಿ ಸೋತು ಬಂದ ಬ್ಯಾರಿ ಗೋಲ್ಡ್‌ವಾಟರ್ ಅದನ್ನು ಉಳಿಸಲು ತಾವೇ ಮುಂದಾಗಿ ಓಡಾಡಿದರು. 1968ರ ಹೊತ್ತಿಗೆ ನೆತ್ತಿ ಉಳಿಯಿತು, ಬುಡ ಕೈತಪ್ಪಿತ್ತು.

ಉಳಿದ ಗುಡ್ಡಗಳಿಗೂ ಇದೇ ಗತಿ ಬಂದೀತು ಅಂತ ಜನ ಎಚ್ಚೆತ್ತರು. ಡೊರೊತಿ ಗಿಲ್ಬರ್ಟ್ ಎಂಬಾಕೆ 1970ರಲ್ಲಿ ನಗರ ಕೌನ್ಸಿಲಿನವರನ್ನು ಕುದುರೆ ಹತ್ತಿಸಿ ಗುಡ್ಡಗಳ ನಡುವೆ ಸುತ್ತಾಡಿಸಿದರು. ಇದು ನನಗೆ ತುಂಬಾ ಇಷ್ಟವಾದ ಸಂಗತಿ. ನಕ್ಷೆಯ ಮೇಲೆ ಖಾಲಿ ಕಂಡದ್ದು ಕಣ್ಣಾರೆ ಕಂಡಾಗ ಖಾಲಿ ಇರಲ್ಲ, ಅಲ್ವಾ? 1973ರಲ್ಲಿ ಜಮೀನು ಕೊಳ್ಳಲು ನಗರ ಸಾಲ ಎತ್ತಬಹುದು ಅಂತ ಜನರೇ ಓಟು ಹಾಕಿದರು. 1985ರಲ್ಲಿ ಮತ್ತೆ ಓಟು: ಜನರನ್ನು ಕೇಳದೆ ಈ ಜಾಗವನ್ನು ಮಾರುವ ಹಾಗಿಲ್ಲ.

ಅಷ್ಟಾದರೂ ಎಲ್ಲವೂ ಉಳಿಯಲಿಲ್ಲ. 2019ರಲ್ಲಿ ತೆರೆದ ಹೆದ್ದಾರಿ ಸೌತ್ ಮೌಂಟನ್‌ನ ನೈರುತ್ಯ ಮೂಲೆಯನ್ನು ಕಡಿದುಕೊಂಡೇ ಹೋಗಿದೆ. ಅದು ಅಲ್ಲಿನ ಮೂಲನಿವಾಸಿಗಳಾದ ಓಆಧಮ್ ಜನರಿಗೆ ಪವಿತ್ರ ಬೆಟ್ಟ. ಅವರು ಬೇಡವೆಂದು ಹೋರಾಡಿದರು. ಆ ಕೊರೆದ ಬಂಡೆ ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನು ಮರವಿಲ್ಲ ಅಂದಿರಲ್ಲ, ಅದಕ್ಕೊಂದು ಮಾತು. ನಾನು ಅಲ್ಲಿಗೆ ಹೋಗಿದ್ದಾಗ ಜೊತೆಗಿದ್ದವರು ಒಂದು ಪಾಲೊ ವರ್ಡೆ ಮರದ ಕೆಳಗೆ ಕೂರಿಸಿದರು. ಅದರ ಕಾಂಡವೇ ಹಸಿರು. ಎಲೆ ಉದುರಿದಾಗ ತೊಗಟೆಯಲ್ಲೇ ಆಹಾರ ಮಾಡಿಕೊಳ್ಳುತ್ತದೆ. ಬುಡದಲ್ಲಿ, ಒಣ ಕಡ್ಡಿಗಳ ನಡುವೆ, ಹೆಬ್ಬೆರಳಿನಷ್ಟು ದಪ್ಪದ ಒಂದು ಮುಳ್ಳುಂಡೆ. ಅದು ಸಾಗ್ವಾರೊ ಕಳ್ಳಿಯ ಮರಿ. ಅಷ್ಟಾಗಲು ಎಂಟು ಹತ್ತು ವರ್ಷ ಬೇಕಂತೆ. ಮರದ ನೆರಳಿಲ್ಲದಿದ್ದರೆ ಬಿಸಿಲಿಗೆ ಸುಟ್ಟೇ ಹೋಗುತ್ತದೆ. ಕೈಯಂಥ ಮೊದಲ ಕವಲು ಒಡೆಯಬೇಕಾದರೆ 50ರಿಂದ 75 ವರ್ಷ. ಬುಲ್ಡೋಜರ್ ಆಡಿಸಿ, ಆಮೇಲೆ ಬೇಕು ಅಂದರೆ ಸಿಗುವ ಗಿಡವಲ್ಲ ಅದು. ಬಳ್ಳಾರಿಯವರು ನೀವು, ಬಂಡೆ ಸಂದಿಯಲ್ಲಿ ಏನೇನು ಬದುಕಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಮುಂದಿನ ಸಲ ಚಳಿಗಾಲದಲ್ಲಿ ಹೋಗಿ. ಬೇಸಿಗೆಯಲ್ಲಿ ಬಿಸಿಲು 43 ಡಿಗ್ರಿ ದಾಟುತ್ತದೆ, ವಿಪರೀತ ಬಿಸಿಲಿನ ದಿನ ಕ್ಯಾಮೆಲ್‌ಬ್ಯಾಕ್ ದಾರಿಯನ್ನು ಹಗಲು ಹೊತ್ತು ಮುಚ್ಚಿಬಿಡುತ್ತಾರೆ. ಮಗಳನ್ನೂ ಕರೆದುಕೊಂಡು ಬೆಳಗ್ಗೆ ಬೇಗ ಹೊರಡಿ, ನೀರು ಜಾಸ್ತಿಯೇ ಇರಲಿ. ಮೇಲೆ ಹತ್ತದಿದ್ದರೂ ಪರವಾಗಿಲ್ಲ, ಪಾಲೊ ವರ್ಡೆ ಸಿಕ್ಕಲ್ಲಿ ಬಗ್ಗಿ ಬುಡ ನೋಡಿ. ಕಂಡದ್ದನ್ನು ನಮಗೂ ಬರೆಯಿರಿ.

ಸಂಪಾದಕ