ಆಂಕೋಜೀನ್ ವೈರಸ್‌ನದ್ದಾ, ನಮ್ಮದಾ?

ವೈರಸ್ ಹೊರಗಿಂದ ಆಂಕೋಜೀನ್, ಅಂದರೆ ಕ್ಯಾನ್ಸರ್ ತರುವ ಜೀನ್, ತಂದು ಹಾಕುತ್ತಾ, ಇಲ್ಲ ಅದು ನಮ್ಮಲ್ಲೇ ಇರುತ್ತಾ ಅಂತ ಕೇಳಿದ್ದೀರಿ. ಎರಡೂ ಉಂಟು.

1911ರಲ್ಲಿ ಪೇಟನ್ ರೌಸ್ ಕೋಳಿಗಳಲ್ಲಿ ಗೆಡ್ಡೆ ಹರಡುವ ವೈರಸ್ ಕಂಡುಹಿಡಿದರು. ಅದರಲ್ಲಿದ್ದ ಸಾರ್ಕ್ ಅನ್ನೋ ಜೀನ್ ವೈರಸ್‌ನದ್ದೇ ಅಂತ ಎಲ್ಲರೂ ಅಂದುಕೊಂಡಿದ್ದರು, ಆದರೆ 1976ರಲ್ಲಿ ವಿಜ್ಞಾನಿಗಳಾದ ಬಿಷಪ್, ವಾರ್ಮಸ್ ತಂಡ ನೋಡಿದರೆ ಅದು ಆರೋಗ್ಯವಾಗಿರುವ ಕೋಳಿಯ ಜೀವಕೋಶದಲ್ಲೇ ಇತ್ತು! ವೈರಸ್ ಯಾವಾಗಲೋ ಅಲ್ಲಿಂದಲೇ ಕದ್ದಿತ್ತು. ನಮ್ಮಲ್ಲೂ ಇಂಥವು ಇವೆ, ಜೀವಕೋಶ ಬೆಳೆಯೋಕೆ ಬೇಕೇ ಬೇಕು. ಅಂಥದ್ದೇ ಒಂದಾದ ರಾಸ್ ಜೀನ್‌ನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾದರೂ ಅದು ಸದಾ ಆನ್ ಆಗಿಬಿಡಬಹುದು, ಇದಕ್ಕೆ ವೈರಸ್ಸೇ ಬೇಕಿಲ್ಲ.

ಆದರೆ ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್‌ನ ಕಥೆ ಬೇರೆ. ಅದರ ಇ6, ಇ7 ಅನ್ನೋ ಆಂಕೋಜೀನ್‌ಗಳು ಅದರ ಸ್ವಂತದ್ದು. ತನ್ನ ಡಿಎನ್‌ಎ ನಕಲು ಮಾಡಿಸೋಕೆ ವೈರಸ್‌ಗೆ ನಮ್ಮ ಜೀವಕೋಶದ ಯಂತ್ರವೇ ಬೇಕು, ಅಲ್ವಾ? ಅದಕ್ಕೇ ಇ7 ಹೋಗಿ, ಜೀವಕೋಶ ಸುಮ್ಮನೆ ವಿಭಜನೆ ಆಗದಂತೆ ತಡೆಯುವ ಆರ್‌ಬಿ ಅನ್ನೋ ಬ್ರೇಕನ್ನು ಕೀಳುತ್ತದೆ. ಬ್ರೇಕ್ ಕಿತ್ತರೆ ಪಿ53 ಅನ್ನೋ ಕಾವಲು ಪ್ರೋಟೀನ್ ಎಚ್ಚೆತ್ತು ಜೀವಕೋಶವನ್ನೇ ಸಾಯಿಸಬಹುದು, ಹಾಗಾಗಿ ಇ6 ಅದನ್ನು ಮೊದಲೇ ನಾಶ ಮಾಡಿಸುತ್ತದೆ. ತಮಾಷೆ ಅಂದರೆ, ಕ್ಯಾನ್ಸರ್ ಆದರೆ ವೈರಸ್‌ಗೇನೂ ಲಾಭವಿಲ್ಲ, ಅಲ್ಲಿ ಸಾಮಾನ್ಯವಾಗಿ ಹೊಸ ವೈರಸ್ ಹುಟ್ಟೋದೇ ಇಲ್ಲ.

ಮತ್ತೆ, ಸೋಂಕು ಅಂದ ತಕ್ಷಣ ಹೆದರಬೇಡಿ. ಹೆಚ್ಚಿನ ಎಚ್‌ಪಿವಿ ಸೋಂಕು ಒಂದೆರಡು ವರ್ಷದಲ್ಲಿ ತಾನಾಗೇ ಹೋಗುತ್ತದೆ. ಉಳಿದುಕೊಂಡರೂ ಕ್ಯಾನ್ಸರ್ ಆಗೋಕೆ ಜೀವಕೋಶದ ಜೀನ್‌ಗಳಲ್ಲಿ ಇನ್ನಷ್ಟು ಮ್ಯುಟೇಶನ್ (ಬದಲಾವಣೆ) ಸೇರಬೇಕು, ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಸ್ಕ್ರೀನಿಂಗ್‌ನಲ್ಲಿ ಮೊದಲೇ ಸಿಕ್ಕಿಬೀಳೋದು ಆ ಸಮಯ ಇರೋದರಿಂದಲೇ.